ನೈದಿಲೆಯ ದಂಟು ಕಿತ್ತವರು ಯಾರು?

ಕಾಡೆಂದ ಮೇಲೆ ಅಲ್ಲೊಂದು ಕೆರೆ ಇರಬೇಕು. ಈ ಕಾಡಿನಲ್ಲೂ ಇತ್ತು. ಅದರ ತುಂಬ ನೈದಿಲೆಯ ಅಗಲ ಎಲೆಗಳು ತೇಲುತ್ತಿದ್ದವು. ಕೆರೆಯವರಿಗೆ ಆ ಎಲೆಗಳೇ ನೆಲ. ಕಪ್ಪೆಗಳು ಅವುಗಳ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಉದ್ದ ಬೆರಳಿನ ದೇವನಕ್ಕಿ ಎಂಬ ನೀರುಹಕ್ಕಿ ಎಲೆಯಿಂದ ಎಲೆಗೆ ನಡೆದಾಡುತ್ತಿತ್ತು, ಎಲೆಯ ಮೇಲೆಯೇ ಗೂಡು ಕಟ್ಟುತ್ತಿತ್ತು. ಅದರ ಜಾತಿಯಲ್ಲಿ ಕಾವು ಕೂರುವುದು ಅಪ್ಪ. ಈ ಅಪ್ಪನೂ ತನ್ನ ಮೊಟ್ಟೆಗಳ ಮೇಲೆ ಕೂತಿತ್ತು.

ಆ ಮಳೆಗಾಲ ಎಲೆಗಳು ಒಂದೊಂದಾಗಿ ಹಾಳಾಗತೊಡಗಿದವು. ಬೆಳಿಗ್ಗೆ ಎದ್ದು ನೋಡಿದರೆ ದಂಟು ಕಿತ್ತುಹೋಗಿ ಎಲೆ ಮಗುಚಿಕೊಂಡಿರುತ್ತಿತ್ತು. ಒಂದು ದಿನ ದೇವನಕ್ಕಿಯ ಗೂಡಿದ್ದ ಎಲೆಯೇ ವಾಲಿತು. ಒಂದು ಮೊಟ್ಟೆ ಉರುಳಿ ನೀರುಪಾಲಾಯಿತು. ದೇವನಕ್ಕಿ ಗೋಳಾಡಿ ಕೆರೆಯವರನ್ನೆಲ್ಲ ಕರೆಯಿತು. ಇದನ್ನು ಮಾಡಿದ್ದು ಯಾರೆಂದು ಇವತ್ತೇ ತಿಳಿಯಬೇಕು ಎಂದಿತು.

ಎಲ್ಲರಿಗಿಂತ ಮೊದಲು ಬಾಯಿ ತೆರೆದದ್ದು ಜಂಬುಕೋಳಿ. ನೀಲಿ ಮೈ, ಕೆಂಪು ಕೊಕ್ಕು, ದೊಡ್ಡ ಪಾದ, ಅದಕ್ಕಿಂತ ದೊಡ್ಡ ಗಂಟಲು. ಎಲೆಗಳಲ್ಲಿದ್ದ ತೂತುಗಳನ್ನು ತೋರಿಸಿ, ಇದೆಲ್ಲ ಪತಂಗದ ಕೆಲಸ ಎಂದಿತು. ಬಿಳಿ ರೆಕ್ಕೆಯ ಮೇಲೆ ಕಂದು ಗೆರೆ ಎಳೆದಂತಿರುವ, ಸಂಜೆಯಾದರೆ ನೀರಿನ ಮೇಲೆ ಸುಳಿಯುವ ಆ ಪುಟ್ಟ ಪತಂಗವೇ ಕಳ್ಳಿ, ಅದರ ಕುಲವನ್ನೇ ತಿಂದು ಮುಗಿಸಬೇಕು ಎಂದಿತು.

ಕಪ್ಪೆಗಳು ಹೂಂಗುಟ್ಟಿದವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಅವು. ನೋಡಿದ್ದು ಯಾರು, ಯಾವಾಗ, ಒಂದು ಮಾತು ಕೇಳಲಿಲ್ಲ. ಹಸಿವಾದಾಗ ಒಂದು ಪತಂಗವನ್ನು ತಿನ್ನುವುದು ಬೇರೆ, ಕೇಳದೆ ವಿಚಾರಿಸದೆ ಒಂದು ಕುಲವನ್ನೇ ಕಳೆಯುವುದು ಬೇರೆ. ಜಂಬುಕೋಳಿಯ ಮಾತಿಗಿಂತ ಈ ಹೂಂಗುಟ್ಟುವಿಕೆಗೇ ನನಗೆ ಹೆಚ್ಚು ಮೈ ಉರಿಯುತ್ತದೆ.

ಪತಂಗ ದಡದ ಹುಲ್ಲಿನಲ್ಲಿ ಅಡಗಿ ಎಲ್ಲ ಕೇಳಿಸಿಕೊಂಡಿತು. ಬೇಕಾಗಿದ್ದರೆ ಅದು ಹಾರಿ ಹೋಗಬಹುದಿತ್ತು. ಆದರೆ ಮಕ್ಕಳು ನೀರಿನಲ್ಲಿದ್ದವು, ಅವಕ್ಕೆ ಇನ್ನೂ ರೆಕ್ಕೆ ಬಂದಿರಲಿಲ್ಲ. ಅದು ನಡುಗುತ್ತಲೇ ಹಾರಿ ಬಂದು ದೇವನಕ್ಕಿಯ ಎದುರಿಗೆ ಕೂತಿತು.

"ತೂತು ಮಾಡಿದ್ದು ನನ್ನ ಮಕ್ಕಳೇ. ಅದನ್ನ ಇಲ್ಲ ಅನ್ನಲ್ಲ" ಎಂದಿತು. "ದಂಟು ಕಿತ್ತಿದ್ದು ನಾವಲ್ಲ."

ಆಮೇಲೆ ಪತಂಗ ಯಾರಿಗೂ ಹೇಳದಿದ್ದ ಗುಟ್ಟನ್ನು ಹೇಳಿತು. ನೀರಿನ ಮೇಲೆ ಕಸದ ಹಾಗೆ ತೇಲುವ ಎಲೆಚೂರುಗಳು ಕಸವಲ್ಲ. ತನ್ನ ಮರಿಹುಳುಗಳು ನೈದಿಲೆಯ ಎಲೆಯಿಂದ ಎರಡು ಚೂರು ಕತ್ತರಿಸಿ, ಬಾಯಿಯ ನೂಲಿನಿಂದ ಹೊಲಿದು, ಒಳಗೆ ಕೂತು ತೇಲುತ್ತವೆ. ಮನೆಯೂ ಅದೇ, ದೋಣಿಯೂ ಅದೇ. ಹಸಿವಾದರೆ ತಲೆ ಹೊರಗೆ ಹಾಕಿ ಎಲೆಯನ್ನು ಕೊಂಚ ಕೆರೆದು ತಿನ್ನುತ್ತವೆ. ರೆಕ್ಕೆ ಬಂದ ಮೇಲೆ ಎಲೆ ಕಡಿಯಲು ಅವಕ್ಕೆ ಬಾಯೇ ಇರುವುದಿಲ್ಲ.

ಮಾತು ಮುಗಿಯುವ ಮೊದಲೇ ಒಂದು ಕಪ್ಪೆ ಪಕ್ಕದಲ್ಲಿ ತೇಲುತ್ತಿದ್ದ ಚೂರಿಗೆ ನಾಲಿಗೆ ಚಾಚಿತು. ದೇವನಕ್ಕಿ ಪಟ್ಟನೆ ಕಾಲು ಅಡ್ಡ ಇಟ್ಟಿತು. ಆ ಚೂರನ್ನು ಮೆಲ್ಲಗೆ ತಳ್ಳಿಕೊಂಡು ಹೋಗಿ ಎಲೆಯ ತೂತಿನ ಬಳಿ ಹಿಡಿದು ನೋಡಿತು. ಅಂಚಿಗೆ ಅಂಚು ಕೂಡಿತು. ಪತಂಗ ಹೇಳಿದ್ದು ನಿಜವಾಗಿತ್ತು. ತೂತಾದರೋ ಹುಣಸೆಬೀಜದಷ್ಟು. ಅಷ್ಟಕ್ಕೆ ಎಲೆ ಮುಳುಗುವುದಿಲ್ಲ.

ಜಂಬುಕೋಳಿ ಬಿಡಲಿಲ್ಲ. ಕಳ್ಳಿ ತಾನೇ ಒಪ್ಪಿಕೊಂಡಿದ್ದಾಳೆ, ಇನ್ನೇನು ಬೇಕು ಎಂದು ಕೂಗಿತು. ಮಕ್ಕಳು ತೂತು ಕೊರೆಯುತ್ತವೆ, ತಾಯಿ ಬಂದು ದಂಟು ಕೀಳುತ್ತಾಳೆ, ತಾನು ಕಣ್ಣಾರೆ ಕಂಡಿದ್ದೇನೆ ಎಂದಿತು. ಕಪ್ಪೆಗಳು ಮತ್ತೆ ಹೂಂಗುಟ್ಟಿದವು. ನಿಜ ಹೇಳಿದವರ ಗತಿ ಇದು. ಒಪ್ಪಿಕೊಂಡ ಸಣ್ಣ ತಪ್ಪಿಗೆ ಮಾಡದ ದೊಡ್ಡ ತಪ್ಪನ್ನು ಗಂಟು ಹಾಕಿ ತಲೆಯ ಮೇಲೆ ಹೊರಿಸುತ್ತಾರೆ.

ಪತಂಗಕ್ಕೆ ಸಿಟ್ಟು ನೆತ್ತಿಗೇರಿತು. ಈಗ ಅದು ನಡುಗುತ್ತಿರಲಿಲ್ಲ.

"ಕಣ್ಣಾರೆ ಕಂಡೆ ಅಂತೀಯಲ್ಲ, ನಾನು ಹೇಗೆ ಕಿತ್ತೆ, ಹೇಗೆ ತಿಂದೆ, ಎಲ್ಲರಿಗೂ ಕೇಳೋ ಹಾಗೆ ಹೇಳು" ಎಂದಿತು.

ಜಂಬುಕೋಳಿಗೆ ಮಾತಿಗೇನು ಬರವೇ? "ಹೇಗೆ ಅಂದ್ರೆ, ದಂಟನ್ನ ಬುಡದಿಂದ ಎಳೆದ್ಲು" ಎಂದು ಶುರು ಮಾಡಿತು. "ಒಂದು ಕಾಲಲ್ಲಿ ಗಟ್ಟಿಯಾಗಿ ಹಿಡಿದು, ಮೇಲೆತ್ತಿ ಬಾಯಿಗಿಟ್ಟು, ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳನ್ನ ಚೂರು ಚೂರೇ ತಿಂದ್ಲು. ಆಹಾ, ಏನು ರುಚಿ ಅಂತೀರಿ."

ಹೇಳುವ ಭರದಲ್ಲಿ ಅದರ ಬಲಗಾಲು ತಾನಾಗಿ ಮೇಲೆದ್ದು ಕೊಕ್ಕಿನ ಹತ್ತಿರ ಬಂದಿತ್ತು.

ದೇವನಕ್ಕಿ ಪತಂಗದ ಕಾಲುಗಳನ್ನು ನೋಡಿತು. ಅವು ಕೂದಲಿಗಿಂತ ತೆಳ್ಳಗಿದ್ದವು. ಜಂಬುಕೋಳಿಯ ಕಾಲನ್ನು ನೋಡಿತು. ತಿನ್ನುವುದನ್ನು ಕೈಯಲ್ಲಿ ಹಿಡಿದಂತೆ ಕಾಲಲ್ಲಿ ಹಿಡಿದು ಬಾಯಿಗಿಡುವ ಪದ್ಧತಿ ಆ ಕೆರೆಯಲ್ಲಿ ಇದ್ದದ್ದು ಒಂದೇ ಜಾತಿಗೆ. ಎಲ್ಲರ ಕಣ್ಣೂ ತನ್ನ ಮೇಲಿರುವುದು ಗೊತ್ತಾಗಿ ಜಂಬುಕೋಳಿ ಕಾಲನ್ನು ಸರಕ್ಕನೆ ಇಳಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ತಿರುಳು ಬೆಳ್ಳಗಿರೋದು, ರುಚಿಯಾಗಿರೋದು ನಿನಗೆ ಹೇಗೆ ಗೊತ್ತಾಯ್ತು?" ಎಂದು ದೇವನಕ್ಕಿ ಕೇಳಿತು. "ನನ್ನ ಮೊಟ್ಟೆ ಮುಳುಗಿದ್ದು ಆ ರುಚಿಗೇನಾ?"

ಜಂಬುಕೋಳಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯಿತು. ದೇವನಕ್ಕಿ ರೆಕ್ಕೆ ಬಡಿದು ಮೇಲೆ ಬಿದ್ದು, ಅದನ್ನು ಎಲೆಗಳ ಆಚೆಗೆ, ದಡದ ಜೊಂಡಿನ ತನಕ ಅಟ್ಟಿತು. ತಮ್ಮ ಹೂಂಗುಟ್ಟುವಿಕೆಗೆ ನಾಚಿದ ಕಪ್ಪೆಗಳು ಅಂದಿನಿಂದ ಕಾವಲಿಗೆ ನಿಂತವು. ಜಂಬುಕೋಳಿ ಕಾಲೆತ್ತಿದರೆ ಸಾಕು, ಕೆರೆಯೆಲ್ಲ ವಟಗುಟ್ಟುತ್ತಿತ್ತು. ಪಾಪ, ಯಾರಿಗೂ ಕಾಣಬಾರದೆಂದು ಅದು ಎರಡೂ ಕಾಲೂರಿ ಬಗ್ಗಿ ತಿನ್ನಲು ಹೋಗಿ ಕೆಸರಿಗೆ ಮೂತಿ ಕುಕ್ಕಿಕೊಂಡಿತು.

ಇತ್ತ ಹುಣಸೆಬೀಜದಷ್ಟು ದೋಣಿಗಳು ಮೊದಲಿನ ಹಾಗೆ ತೇಲುತ್ತಿದ್ದವು. ದೇವನಕ್ಕಿ ಉಳಿದ ಮೊಟ್ಟೆಗಳ ಮೇಲೆ ಮತ್ತೆ ಕಾವು ಕೂತಿತು.

ನೀತಿ: ತನ್ನ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವವನು ಅವರ ಗುರುತು ಹೇಳಲು ಹೋಗಿ ತನ್ನ ಗುರುತನ್ನೇ ಹೇಳಿಬಿಡುತ್ತಾನೆ, ಹೂಂಗುಟ್ಟುವ ಮೊದಲು ಅವನನ್ನು ಪೂರ್ತಿ ಮಾತನಾಡಿಸಿ ನೋಡಬೇಕು.