ಕಿಟಕಿಯಿಂದ ಕಂಡ ಹೆಡ್‌ಲೈಟ್

ಗಾಡಿಗಳಿಗೆ ಪಾಸು ಕೊಡುವ ಸಾಹೇಬರು ಕುರ್ಚಿ ಬಿಟ್ಟು ಏಳುವವರಲ್ಲ. ಗಾಡಿಯೇ ಅವರ ಕಿಟಕಿಯ ಮುಂದೆ ಬಂದು ನಿಲ್ಲಬೇಕು.

ಟ್ಯಾಕ್ಸಿ ಓಡಿಸುವ ನಿಜಗುಣಪ್ಪನ ಬಿಳಿ ಕಾರನ್ನು ಕಂಡು ಅವರು ಮೂಗು ಮುರಿದರು. "ಹೆಡ್‌ಲೈಟ್ ಮಬ್ಬಾಗಿದೆ. ಹೊಸದು ಹಾಕಿಸು. ಇಲ್ಲದಿದ್ರೆ ಗಾಡಿ ರಸ್ತೆಗೆ ಇಳಿಯೋ ಹಾಗಿಲ್ಲ."

"ಮನೇಲೇ ಉಜ್ಜಿ ಹೊಳಪು ಬರಿಸ್ತೀನಿ ಸ್ವಾಮಿ."

"ಉಜ್ಜಿದ್ದು ನಡೆಯಲ್ಲ! ಉಜ್ಜಿದ್ಯಾವುದು, ಹೊಸದ್ಯಾವುದು ಅಂತ ಕೂತಲ್ಲಿಂದಲೇ ಹೇಳ್ತೀನಿ."

ಗಾಡಿ ನಿಂತರೆ ನಿಜಗುಣಪ್ಪನ ಮನೆಯ ಒಲೆಯೂ ನಿಂತಂತೆ. ಅವನು ಹಟ ಬಿಡಲಿಲ್ಲ. ಅಂಗಳದಲ್ಲಿ ಕೂತು ಉಪ್ಪುಕಾಗದ ನೆನೆಸಿ ತಿಕ್ಕಿದ, ಹಲ್ಲುಜ್ಜುವ ಪೇಸ್ಟ್ ಹಚ್ಚಿ ಒರೆಸಿದ. ಎರಡೂ ದೀಪ ಫಳಫಳ ಅಂದವು.

ಸಾಹೇಬರದೂ ಅಂಥದೇ ಬಿಳಿ ಕಾರು, ಅದೂ ಮಬ್ಬು. ಮರುದಿನ ಅವರು ಊಟಕ್ಕೆ ಕೂತಾಗ ನಿಜಗುಣಪ್ಪ ಅವರ ಡ್ರೈವರನನ್ನು ಒಪ್ಪಿಸಿ, ಅದರ ಬಲಗಡೆಯ ದೀಪವನ್ನಷ್ಟೇ ತಿಕ್ಕಿದ. ಕಾರನ್ನು ಕಿಟಕಿಯ ಮುಂದೆ ನಿಲ್ಲಿಸಿ, ನಂಬರ್ ಪ್ಲೇಟಿಗೆ ಬೆನ್ನು ಕೊಟ್ಟು ಕೂತ.

ಸಾಹೇಬರು ಇಣುಕಿದರು. "ಬಲಗಡೇದು ಹೊಸದು, ಪಾಸು. ಎಡಗಡೇದು ಯಾಕೋ ಹಾಗೇ ಬಿಟ್ಟೆ? ಈ ಗಾಡಿ ರಸ್ತೆಗೆ ಇಳಿಯೋ ಹಾಗಿಲ್ಲ!"

"ಅದನ್ನೇ ಬರೆದುಕೊಡಿ ಸ್ವಾಮಿ."

'ಕಿಟಕಿ ಮುಂದೆ ನಿಂತಿರುವ ಗಾಡಿ' ಎಂದೇ ಬರೆದು, ಸಹಿ ಹಾಕಿ ಕಿಟಕಿಯಿಂದ ಚಾಚಿದರು. ಕಾಗದ ತಗೊಳ್ಳಲು ನಿಜಗುಣಪ್ಪ ಎದ್ದ. ಅವನ ಬೆನ್ನ ಹಿಂದಿದ್ದ ತಮ್ಮದೇ ಕಾರಿನ ನಂಬರ್ ಓದಿದ ಸಾಹೇಬರು ಅಂದು ಮೊದಲ ಸಲ ಕುರ್ಚಿ ಬಿಟ್ಟು ಹೊರಗೆ ಓಡಿಬಂದರು.

"ಬಲಗಡೇದು ಪೇಸ್ಟ್ ಹಚ್ಚಿ ಉಜ್ಜಿದ್ದು ಸ್ವಾಮಿ, ಹೊಸದಲ್ಲ," ಅಂದ ನಿಜಗುಣಪ್ಪ. "ಈಗ ಮನೆಗೆ ಹೇಗೆ ಹೋಗ್ತೀರಿ?"

ಸಾಹೇಬರು ಒಳಗಿಂದ ಸೀಲು ತಂದು ಅವನ ಟ್ಯಾಕ್ಸಿಯ ಪಾಸಿಗೆ ಒತ್ತಿದರು. ಆಮೇಲೆ ಆಚೀಚೆ ನೋಡಿ ಮೆಲ್ಲಗೆ ಕೇಳಿದರು: "ಆ ಪೇಸ್ಟು ಇನ್ನೂ ಸ್ವಲ್ಪ ಉಳಿದಿದೆಯೇನಪ್ಪ?"