ಮುತ್ತಲದಿನ್ನಿಯ ಬಿಲ್ಲೆಬಾವಿ

ಮುತ್ತಲದಿನ್ನಿಯ ಹಳೇಪೇಟೆ ದಾಟಿ ಎರೆಹೊಲಗಳ ಕಡೆ ಹೊರಳುವಲ್ಲಿ, ಎಡಕ್ಕೆ ಚಚ್ಚೌಕದ ಹಳೆಯ ಬಾವಿಯೊಂದಿದೆ. ಕಂದಾಯದ ಕಾಗದಗಳಲ್ಲಿ ಅದಕ್ಕೆ ಹೆಸರಿಲ್ಲ. ಊರವರು ಬಿಲ್ಲೆಬಾವಿ ಎನ್ನುತ್ತಾರೆ. ಬೇಸಿಗೆಯಲ್ಲಿ ಹೂಳೆತ್ತಿದಾಗಲೆಲ್ಲ ಕೆಸರಿನೊಡನೆ ತಾಮ್ರದ ಬಿಲ್ಲೆಗಳು ಮೇಲೆ ಬರುತ್ತವೆ. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದ ನನಗೆ ಅಂಥ ಕೆಲವು ಸಿಕ್ಕಿದ್ದವು. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಒಂದು ಮಗ್ಗುಲಿಗೆ ತಕ್ಕಡಿ, ಇನ್ನೊಂದಕ್ಕೆ ಜೋಳದ ತೆನೆ ಕಾಣುತ್ತಿತ್ತು. ಅರಸನ ಹೆಸರಾಗಲಿ ಇಸವಿಯಾಗಲಿ ಇರಲಿಲ್ಲ. ವಸ್ತುಸಂಗ್ರಹಾಲಯದ ಅಧಿಕಾರಿಯೊಬ್ಬರು ಅವನ್ನು ಭೂತಗನ್ನಡಿಯಲ್ಲಿ ನೋಡಿ, ಇವು ನಾಣ್ಯಗಳಲ್ಲ, ಯಾರೋ ವರ್ತಕರು ತಮ್ಮ ವ್ಯವಹಾರಕ್ಕೆ ಮಾಡಿಸಿಕೊಂಡ ಗುರುತುಗಳು ಎಂದರು. ಇನ್ನೊಂದು ಸಂಗತಿಯನ್ನೂ ಅವರೇ ತೋರಿಸಿದರು. ಕೆಲವು ಬಿಲ್ಲೆಗಳಲ್ಲಿ ತಕ್ಕಡಿಯ ತಟ್ಟೆಗೆ ಮೂರು ಎಳೆ ಹಗ್ಗವಿತ್ತು, ಕೆಲವುಗಳಲ್ಲಿ ಎರಡೇ. ಉಳಿದದ್ದೆಲ್ಲ ಒಂದೇ ಕೈಯ ಕೆತ್ತನೆ. “ಇದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಯಾಕೆ ಅಂತ ತಾಮ್ರ ಹೇಳೋದಿಲ್ಲ, ಊರಲ್ಲಿ ಕೇಳಿ ನೋಡಿ,” ಎಂದರು.

ಕೇಳುತ್ತ ಹೋದೆ. ಪೇಟೆಯವರು “ಅದು ಕಳ್ಳನನ್ನು ಇಳಿಸಿದ ಬಾವಿ” ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೊರಳಿದರು. ಕೋಟೆಗೋಡೆಯ ಹೊರಗಿನ ವಲಸೆಗೇರಿಯಲ್ಲಿ ಮಾತ್ರ ಹಂಪವ್ವನೆಂಬ ಹಿರಿಯ ಹೆಂಗಸು ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. “ಪ್ಯಾಟಿ ಮಂದಿ ಕಳ್ಳ ಅಂತಾರ. ಕಳ್ಳ ಇದ್ದಿದ್ರ ತನ್ನ ಮನಿಗೆ ಒಯ್ತಿದ್ದಿಲ್ಲೇನು, ಮಾಸ್ತರ?” ಎಂದು ಶುರುಮಾಡಿದಳು. ಅವಳಿಂದ ಕೇಳಿದ್ದನ್ನೂ, ಆಮೇಲೆ ಪೇಟೆಯ ಹಿರಿಯರು ಒಲ್ಲದ ಮನಸ್ಸಿನಿಂದ ಒಪ್ಪಿದ್ದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ ಈ ಪೇಟೆಯಲ್ಲಿ ಸೋವಿಸೆಟ್ಟಿ ಎಂಬ ಧಾನ್ಯದ ವರ್ತಕನಿದ್ದ. ಒಂದರ ಹಿಂದೊಂದು ಮಳೆಗಾಲ ಕೈಕೊಟ್ಟಾಗ ಅವನು ತನ್ನ ಜೋಳವನ್ನೆಲ್ಲ ನೆಲದೊಳಗಿನ ಹಗೇವಿನಲ್ಲಿ ತುಂಬಿಸಿ, ಬಾಯಿಗೆ ಬಂಡೆ ಮುಚ್ಚಿಸಿದ. ಮಾರಾಟ ನಿಲ್ಲಿಸಿದ. ಮಾಯೋಜನೆಂಬ ಅಕ್ಕಸಾಲಿಯಿಂದ ತಾಮ್ರದ ಬಿಲ್ಲೆ ಕೆತ್ತಿಸಿ, ಪೇಟೆಯ ಮನೆಮನೆಗೂ ಒಂದೊಂದು ಕೊಟ್ಟ. ಸಂತೆಯ ದಿನ ಅದನ್ನು ತೋರಿಸಿದವರಿಗೆ, ಯಾರು ಎಂದು ಕೇಳದೆ, ಒಂದು ವಾರಕ್ಕಾಗುವಷ್ಟು ಜೋಳ ಅಳೆದುಕೊಡಬೇಕೆಂದು ಹೆಂಡತಿ ನೀಲವ್ವನಿಗೆ ಒಪ್ಪಿಸಿ, ಕರಾವಳಿಯಿಂದ ಅಕ್ಕಿ ತರಲು ಎತ್ತುಗಳ ಸಾಲು ಕಟ್ಟಿಕೊಂಡು ಹೊರಟ. ಹೋದವನು ತಿರುಗಿ ಬರಲಿಲ್ಲ. ಘಟ್ಟದಲ್ಲಿ ಕಳ್ಳರು ಕೊಂದರೆಂಬ ಸುದ್ದಿ ಮಾತ್ರ ಬಂತು. ನೀಲವ್ವ ಅತ್ತು ಮುಗಿಸುವಷ್ಟರಲ್ಲಿ ಸಂತೆಯ ದಿನ ಬಂದಿತ್ತು. ಎದ್ದುಹೋಗಿ ಹಗೇವಿನ ಬಂಡೆ ಸರಿಸಿದಳು ಎನ್ನುತ್ತಾರೆ.

ಅಷ್ಟರಲ್ಲಿ ಹೊಳೆಯಾಚೆಯ ಊರುಗಳಿಂದ ಜನ ಗುಳೆ ಎದ್ದು ಬರತೊಡಗಿದರು. ಪೇಟೆಯವರು ಅಗಸೆಬಾಗಿಲು ಹಾಕಿಕೊಂಡರು, ಸಂತೆಯ ದಿನ ಮಾತ್ರ ಬಿಲ್ಲೆ ತೋರಿಸಿದವರನ್ನು ಒಳಗೆ ಬಿಡುತ್ತಿದ್ದರು. ಬಂದವರು ಗೋಡೆಯ ಹೊರಗೆ ಸೊಪ್ಪುಸದೆ ಬೇಯಿಸಿಕೊಂಡು ಬಿದ್ದರು, ಅಲ್ಲೇ ಸಾಯತೊಡಗಿದರು. ಮಾಯೋಜನಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಬೆಳಗಾದರೆ ಗುದ್ದಲಿ ಹೊತ್ತು ಹೊರಗೆ ಹೋಗಿ, ಸತ್ತವರಿಗೆ ಕುಣಿ ತೋಡಿ ಬರುತ್ತಿದ್ದ. ಒಂದು ದಿನ ಹೀಗೆ ತೋಡುತ್ತಿದ್ದಾಗ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯೊಬ್ಬಳು, “ಅಣ್ಣಾ, ಸ್ವಲ್ಪ ದೊಡ್ಡದು ತೋಡು, ನಾವಿಬ್ಬರೂ ಇದ್ದೇವೆ,” ಎಂದಳಂತೆ. ಮಗುವಿನ್ನೂ ಉಸಿರಾಡುತ್ತಿತ್ತು. ಮಾಯೋಜ ಗುದ್ದಲಿ ಅಲ್ಲೇ ಬಿಟ್ಟು ಮನೆಗೆ ಬಂದ. ನೀರು ಕಾಯಿಸುವ ಹಂಡೆಯನ್ನು ಕತ್ತರಿಸಿ ಬಿಲ್ಲೆ ಮಾಡಿದ. ಸೆಟ್ಟಿಯ ಬಿಲ್ಲೆ ಯಾವುದು, ತನ್ನದು ಯಾವುದು ಎಂದು ತನಗಾದರೂ ತಿಳಿದಿರಲೆಂದು ತಕ್ಕಡಿಯ ಒಂದು ಎಳೆಯನ್ನು ಕೆತ್ತದೆ ಬಿಟ್ಟ. ಮೊದಲನೆಯದನ್ನು ಆ ತಾಯಿಗೇ ಕೊಟ್ಟ. ಆಮೇಲೆ ಅವನ ಮನೆಯ ಕೊಡ, ಚರಿಗೆ, ತಟ್ಟೆ ಒಂದೂ ಉಳಿಯಲಿಲ್ಲ.

ಸಂತೆಯ ದಿನದ ಸಾಲು ಬೆಳೆಯುತ್ತಿರುವುದು ನೀಲವ್ವನ ಕಣ್ಣಿಗೆ ಬಿತ್ತು. ಅವಳು ಮಾಯೋಜನನ್ನು ಕರೆಸಿದಳು. “ಯಾರೋ ಕಳ್ಳಬಿಲ್ಲೆ ಹೊಡೆಸಿದ್ದಾರೆ, ಮಾಯೋಜ. ಇದು ನಿನ್ನ ಕೈಯ ಕೆಲಸ, ನಿನಗಲ್ಲದೆ ಬೇರೆಯವರಿಗೆ ಗೊತ್ತಾಗುವುದಿಲ್ಲ. ನೀನೇ ನಿಂತು ನೋಡು. ಅಲ್ಲ ಎಂದವರನ್ನು ನಾನು ವಾಪಸು ಕಳಿಸುತ್ತೇನೆ,” ಎಂದಳು. ಮಾಯೋಜ ಹಗೇವಿನ ಪಕ್ಕ ನಿಂತ. ಸಾಲಿನಲ್ಲಿ ಆ ತಾಯಿಯೂ ಇದ್ದಳು. ಅವಳು ಚಾಚಿದ ಬಿಲ್ಲೆಯನ್ನು ಅವನು ಬೆಳಕಿಗೆ ಹಿಡಿದು ನೋಡಿದ. ಎರಡೇ ಎಳೆ. “ಸೆಟ್ಟರದೇ, ತಾಯಿ,” ಎಂದ. ಅಂದು ಬಂದವರೆಲ್ಲರ ಬಿಲ್ಲೆಗೂ ಅದೇ ಮಾತು ಹೇಳಿದ. ನೀಲವ್ವ ನಂಬಿದಳು. ಪ್ರತಿ ಸಂತೆಗೂ ಅವನು ಹಾಗೆ ನಿಂತ, ಹಾಗೆ ಹೇಳಿದ, ಪ್ರತಿ ಸಂತೆಗೂ ಜೋಳ ಇನ್ನಷ್ಟು ಕೆಳಗಿಳಿಯಿತು.

ಮುಂಗಾರು ಬರುವ ಮೊದಲೇ ಹಗೇವು ಬರಿದಾಯಿತು. ತಳದ ಹೊಟ್ಟನ್ನು ಗುಡಿಸಿ ತಿಂದದ್ದೂ ಆಯಿತು. ಆಗ ಪೇಟೆಯ ಮನೆಗಳಲ್ಲೂ ಸಾವು ಶುರುವಾಯಿತು. ನೀಲವ್ವ ತನ್ನ ಬಿಲ್ಲೆಯ ಪಾಲಿಗಿಂತ ಒಂದು ಕಾಳನ್ನೂ ಹೆಚ್ಚಿಗೆ ಮನೆಗೆ ಒಯ್ದವಳಲ್ಲ. ಅವಳ ಒಬ್ಬಳೇ ಮಗಳು ಚಿನ್ನಕ್ಕನೂ ಹೋದಳು. ಕುಣಿ ತೋಡಲು ಮಾಯೋಜನೇ ಬಂದ. ಮಣ್ಣು ಮುಚ್ಚಿದ ಮೇಲೆ, ಸುತ್ತ ಪೇಟೆಯ ಗಂಡಸರು ನಿಂತಿರುವಾಗಲೇ, ನೀಲವ್ವ ಅವನಿಗೆ ಕೈಮುಗಿದಳು. “ನೀನು ನಿಂತು ನೋಡುತ್ತಿದ್ದುದಕ್ಕೆ ಕಳ್ಳಬಿಲ್ಲೆಯವರು ಹೆದರಿ ದೂರ ಉಳಿದರು, ಇಲ್ಲದಿದ್ದರೆ ಹಗೇವು ಎಂದೋ ಬರಿದಾಗುತ್ತಿತ್ತು. ನನ್ನ ಕೂಸು ಇಷ್ಟು ದಿನ ಬದುಕಿದ್ದು ನಿನ್ನಿಂದ,” ಎಂದಳು.

ಆ ಕೈಮುಗಿತವನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. “ಕಳ್ಳಬಿಲ್ಲೆ ಹೊಡೆದವನು ನಾನೇ, ತಾಯಿ. ಗೋಡೆಯಾಚೆಯವರಿಗೆ ಕೊಟ್ಟೆ. ಕೇಳಿದವರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ,” ಎಂದ.

ನೀಲವ್ವ ಮಗಳ ಮಣ್ಣಿನ ಕಡೆ ತಿರುಗಿದಳು. “ಇದನ್ನು ನನಗೆ ಯಾಕೆ ಹೇಳಿದೆ?” ಎಂದಷ್ಟೇ ಕೇಳಿದಳು. ಅಲ್ಲಿದ್ದವರಲ್ಲಿ ಮಕ್ಕಳನ್ನು ಮಣ್ಣಿಗೆ ಕೊಡದವರು ಕಡಿಮೆ. ಅವನನ್ನು ಎಳೆದೊಯ್ದು, ಸೊಂಟಕ್ಕೆ ಕಲ್ಲು ಕಟ್ಟಿ, ನೀರು ಬತ್ತಿ ಕೆಸರಷ್ಟೇ ಉಳಿದಿದ್ದ ಈ ಬಾವಿಗೆ ನೂಕಿದರು. ಅವನು ಬಿಡಿಸಿಕೊಳ್ಳಲು ನೋಡಲಿಲ್ಲವಂತೆ. ನೀಲವ್ವ ಬೇಡವೆಂದಿದ್ದರೆ ಅವರು ನಿಲ್ಲಿಸುತ್ತಿದ್ದರು ಎಂದು ಪೇಟೆಯವರೂ ಒಪ್ಪುತ್ತಾರೆ. ಅವಳು ಅನ್ನಲಿಲ್ಲ. ಕೆಳಗಿಂದ ನರಳುವ ದನಿ ಮರುದಿನದವರೆಗೂ ಕೇಳುತ್ತಿತ್ತು; ಮಳೆ ಹಿಡಿದು ನೀರು ಏರಿದ ಮೇಲೆ ನಿಂತಿತು.

ಬೆಳೆ ಕೈಗೆ ಬಂದ ವರ್ಷ ನೀಲವ್ವ ಪೇಟೆಯಲ್ಲೂ ಗೋಡೆಯಾಚೆಯಲ್ಲೂ ಮನೆಮನೆ ತಿರುಗಿ ಎಲ್ಲ ಬಿಲ್ಲೆಗಳನ್ನೂ ಬೇಡಿ ತಂದಳು. ಯಾವುದು ಯಾರದೆಂದು ನೋಡದೆ, ಉಡಿಯಲ್ಲಿದ್ದ ಹಾಗೇ ಬಾವಿಗೆ ಸುರಿದಳು. ಬಾವಿಗೆ ಹೆಸರು ಬಂದದ್ದು ಅಂದಿನಿಂದ ಎನ್ನುತ್ತಾರೆ. ಆಮೇಲೆ ಗಂಡನ ಮನೆ ಮಾರಿ, ಎರಡೂ ಕಡೆಯ ಜನ ಇಳಿದು ನೀರು ತುಂಬಲೆಂದು ಎರಡು ಕಡೆ ಮೆಟ್ಟಿಲು ಕಟ್ಟಿಸಿದಳು.

ಈಗಲೂ ಹೋದವರು ಅವನ್ನು ನೋಡಬಹುದು. ವಲಸೆಗೇರಿಯ ಕಡೆಯ ಮೆಟ್ಟಿಲುಗಳು ಕಾಲು ತಾಗಿ ತಾಗಿ ನಡುವೆ ಬಟ್ಟಲಿನಂತೆ ಸವೆದಿವೆ. ಮಳೆ ಬಂದರೆ ಒಂದೊಂದರಲ್ಲೂ ನೀರು ನಿಲ್ಲುತ್ತದೆ. ಪೇಟೆಯ ಕಡೆಯ ಮೆಟ್ಟಿಲುಗಳಲ್ಲಿ ಕಲ್ಲುಕುಟಿಗನ ಉಳಿಯ ಗೆರೆಗಳು ಇನ್ನೂ ಹಾಗೇ ಇವೆ.