ಹೊಳೆಯ ನಡುವೆ ಉಸಿರು ನಿಂತ ಕೂಸು

ಪೂಜ್ಯ ಕರುಣಾನಾಥ ಸ್ವಾಮಿಗಳು ತೊರೆಪಾಳ್ಯದ ಕ್ರೈಸ್ತ ದೇವಾಲಯಕ್ಕೆ ಗುರುಗಳಾಗಿದ್ದ ಕಾಲ. ದೇವಾಲಯವೆಂದರೆ ಮಣ್ಣಿನ ಗೋಡೆ, ಹುಲ್ಲಿನ ಮಾಡು. ಅದರ ಬೆನ್ನಿಗೆ ಆತುಕೊಂಡಿದ್ದ ಒಂದು ಕೋಣೆಯೇ ಸ್ವಾಮಿಗಳ ಬಿಡಾರ. ಅವರಿಗಿದ್ದದ್ದು ಒಂದೇ ನಿಲುವಂಗಿ. ಅದನ್ನು ಒಗೆದ ದಿನ ಕಂಬಳಿ ಹೊದ್ದು, ಬಟ್ಟೆ ಒಣಗುವ ತನಕ ಹಿತ್ತಲಲ್ಲಿ ಕೂತು ಜಪ ಮಾಡುತ್ತಿದ್ದರು. ಅಂಥದ್ದೇ ಒಂದು ದಿನ, ನಿಲುವಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ, ಹೊಳೆಯಾಚೆಯ ಕಲ್ಲುಹಳ್ಳಿಯ ಸವೇರಮ್ಮ ಹಿತ್ತಲ ಬಾಗಿಲನ್ನು ದೂಡಿಕೊಂಡು ಒಳಗೆ ಬಂದಳು.

ಅವಳು ಬೈಯಲೆಂದೇ ಬಂದಿದ್ದಳು. ಬೆಳಗ್ಗೆ ಊರು ಬಿಟ್ಟಾಗ ಅವಳ ಮಡಿಲಲ್ಲಿ ಮಗಳು ಜ್ಞಾನಮ್ಮನ ಚೊಚ್ಚಲ ಹೆಣ್ಣುಕೂಸು ಇತ್ತು. ಹುಟ್ಟಿದಾಗಿನಿಂದ ಮೊಲೆ ಹಿಡಿಯದ ಕೂಸು ನೀಲಿಗಟ್ಟತೊಡಗಿತ್ತು. ದೇವಾಲಯದ ಮಂತ್ರಿಸಿದ ನೀರು ತಲೆಗೆ ಬೀಳದೆ, ಕೂಸನ್ನು ಕ್ರಿಸ್ತನ ಮಂದೆಗೆ ಸೇರಿಸುವ ಜ್ಞಾನಸ್ನಾನವಾಗದು ಎಂದು, ಜನಕ್ಕೆ ಧರ್ಮಪಾಠ ಹೇಳುವ ಉಪದೇಶಿ ಇನ್ನಾಸಪ್ಪ ಸುತ್ತಲ ಊರಿಗೆಲ್ಲ ಹೇಳಿಕೊಟ್ಟಿದ್ದ. ಹಾಗಾಗಿ ಬಾಣಂತಿಯನ್ನು ಮನೆಯಲ್ಲೇ ಬಿಟ್ಟು, ಸವೇರಮ್ಮನೂ ಅಳಿಯ ಜೋಜಪ್ಪನೂ ಕೂಸನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹರಿಗೋಲು ಹತ್ತಿದರು. ನಡುಹೊಳೆಯಲ್ಲಿ ಕೂಸು ಬಿಕ್ಕಿತು. ಸುತ್ತ ಕಣ್ಣು ಹಾಯುವಷ್ಟೂ ನೀರು. ಒಂದು ಬೊಗಸೆ ಎತ್ತಲು ಅಜ್ಜಿಗೂ ಧೈರ್ಯ ಬರಲಿಲ್ಲ, ಅಪ್ಪನಿಗೂ ಬರಲಿಲ್ಲ. ಮಂತ್ರಿಸದ ನೀರು ಹಾಕಿ ದೋಷ ಮಾಡಿಬಿಟ್ಟರೆ ಎಂಬ ಅಂಜಿಕೆ. ಹರಿಗೋಲು ದಡ ಮುಟ್ಟುವ ಮೊದಲೇ ಕೂಸಿನ ಉಸಿರು ನಿಂತಿತು.

ಅದು ಸಾಲದೆಂಬಂತೆ ಸಮಾಧಿ ತೋಟದ ಬಾಗಿಲಲ್ಲಿ ಇನ್ನಾಸಪ್ಪ ಅಡ್ಡ ನಿಂತ. ಜ್ಞಾನಸ್ನಾನವಾದ ಕೂಸು ತೀರಿಕೊಂಡರೆ ಆ ಊರಲ್ಲಿ ಸಾವಿನ ಗಂಟೆ ಬಾರಿಸುತ್ತಿರಲಿಲ್ಲ. ದೇವದೂತರ ಗುಂಪಿಗೆ ಇನ್ನೊಬ್ಬರು ಸೇರಿದರಲ್ಲ ಎಂದು ಹಬ್ಬದ ಗಂಟೆಯನ್ನೇ ಬಾರಿಸಿ, ತಲೆಗೆ ಮಲ್ಲಿಗೆಯ ಕಿರೀಟವಿಟ್ಟು, ಗುರುಗಳು ಬಿಳಿಯ ಪೂಜಾವಸ್ತ್ರ ತೊಟ್ಟು ಮಣ್ಣು ಮಾಡುತ್ತಿದ್ದರು. ಜ್ಞಾನಸ್ನಾನವಾಗದ್ದಕ್ಕೆ ಗಂಟೆಯಿಲ್ಲ, ಹೂವಿಲ್ಲ. ಕತ್ತಾಳೆ ಬೇಲಿಯ ಆಚೆ, ದನ ಮೇಯುವ ಕಡೆ, ಒಂದು ಗುಂಡಿ.

“ನಂಗೇನು ಸಂತೋಷವಾ ಸವೇರಮ್ಮ? ಶಾಸ್ತ್ರ ಇರೋದೇ ಹಂಗೆ,” ಎಂದಿದ್ದ ಉಪದೇಶಿ. “ಬೇಲಿ ಪಕ್ಕದಲ್ಲೇ ತೋಡಿಸ್ತೀನಿ ಬಿಡು.”

ಆ ಮಾತನ್ನೇ ಸವೇರಮ್ಮ ಈಗ ಸ್ವಾಮಿಗಳ ಮುಂದೆ ಎತ್ತಿ ಹಾಕಿದಳು.

“ಬೇಲಿ ಪಕ್ಕದಲ್ಲೇ ಅಂತೆ ಸ್ವಾಮಿಯೋರೆ. ದೊಡ್ಡ ಉಪಕಾರ. ಕಂಡೋರ ಹೊಲದಲ್ಲಿ ತೆನೆ ಕೊಯ್ದೋನು, ಹೆಂಡ್ತಿ ಹಲ್ಲು ಉದುರ್ಸಿದೋನು, ಎಲ್ರೂ ಒಳಗವ್ರೆ, ತಲೆ ಮೇಲೊಂದು ಶಿಲುಬೆ ಇಟ್ಕೊಂಡು. ನನ್ನ ಕೂಸು ಏನು ಕದ್ದಿತ್ತು? ಇನ್ನೂ ಕಣ್ಣೇ ಸರ್ಯಾಗಿ ಬಿಟ್ಟಿರ್ಲಿಲ್ಲ.”

ಸ್ವಾಮಿಗಳು ಜಪ ನಿಲ್ಲಿಸಿ ಅವಳ ಕಡೆ ತಿರುಗಿದರು.

“ನಿಮ್ಮ ದೇವ್ರು ಅದನ್ನ ಎಲ್ಲಿಟ್ಟವ್ನೆ, ಹೇಳಿ. ಕತ್ಲಲ್ಲಾ? ಹಂಗಾದ್ರೆ ಆ ಮೋಕ್ಷ ನಂಗೂ ಬ್ಯಾಡ, ಅವ್ನೇ ಮಡಿಕ್ಕೊಳ್ಲಿ. ಅಲ್ಲಿ ನನ್ನ ಮಗ್ಳಿಗೆ ಎದೆಹಾಲು ಸೋರ್ತಾ ಅದೆ. ಕೂಸೆಲ್ಲವ್ವಾ ಅಂದ್ರೆ ನಾನೇನು ಹೇಳ್ಲಿ?”

ದೇವರನ್ನು ಹೀಗೆ ನಿಲ್ಲಿಸಿ ಕೇಳಬಹುದೇ ಎಂದು ನಮಗೆ ಅನ್ನಿಸೀತು. ಆದರೆ ಬೈಬಲಿನಲ್ಲಿ ತನ್ನೊಡನೆ ವಾದಕ್ಕಿಳಿದ ಯೋಬನನ್ನು ಸಹಿಸಿದ ದೇವರು ಸವೇರಮ್ಮನನ್ನು ಸಹಿಸಲಾರನೇ? ಸ್ವಾಮಿಗಳು ‘ದೇವರ ಚಿತ್ತ’ ಎಂದೇನಾದರೂ ಅಂದರೆ ತಿರುಗಿಸಿ ಕೊಡಬೇಕೆಂದು ಅವಳು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದಳು. ಅವರು ಅದನ್ನು ಅನ್ನಲಿಲ್ಲ. ಹಗ್ಗದ ಮೇಲಿದ್ದ ನಿಲುವಂಗಿಯನ್ನು ಹಿಂಡಿ ಹಾಗೆಯೇ ತೊಟ್ಟರು.

“ಮಗು ಎಲ್ಲಿದೆ, ತಾಯಿ?” ಎಂದಷ್ಟೇ ಕೇಳಿದರು. ಉತ್ತರಕ್ಕೂ ಕಾಯದೆ ಬಾಗಿಲ ಕಡೆ ದಾಪುಗಾಲು ಹಾಕಿದರು. ಈ ಮನುಷ್ಯನಿಗೂ ಸಿಟ್ಟು ಬಂದಿದೆ ಎಂಬುದು ಆಗ ಸವೇರಮ್ಮನಿಗೆ ಹೊಳೆಯಿತು.

ಸಮಾಧಿ ತೋಟದ ಮುಂದೆ ಜೋಜಪ್ಪ ಕೂಸಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದ. ಸುತ್ತ ಊರಿನ ಜನ. ಇನ್ನಾಸಪ್ಪ ಬಾಗಿಲ ಅಗುಳಿಯ ಮೇಲಿಟ್ಟ ಕೈಯನ್ನು ತೆಗೆದಿರಲಿಲ್ಲ.

“ಇನ್ನಾಸಪ್ಪನವರೇ, ನೀರಿನ ವಿಷಯ ಜನಕ್ಕೆ ಏನೆಂದು ಹೇಳಿಕೊಟ್ಟಿರಿ?”

“ಮಂತ್ರಿಸಿದ ನೀರೇ ಆಗ್ಬೇಕು ಅಂತ, ಸ್ವಾಮಿ.”

“ಪ್ರಾಣ ಹೋಗುವ ಹೊತ್ತಿನಲ್ಲಿ ಹೊಳೆಯ ನೀರು ಸಾಕು. ಯಾರು ಹೊಯ್ದರೂ ಸಾಕು.”

ಜೋಜಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ. ಆಮೇಲೆ ಅವುಗಳಲ್ಲೇ ಮುಖ ಮುಚ್ಚಿಕೊಂಡ. ಸವೇರಮ್ಮ ಹೊಳೆಯ ಕಡೆ ತಿರುಗಿ ನೋಡಿದಳು.

“ನಂಗೆ ಗೊತ್ತಿರ್ಲಿಲ್ಲ ಸ್ವಾಮಿ, ಏಸುವಾಣೆ,” ಎಂದ ಇನ್ನಾಸಪ್ಪ.

“ನಿಮಗೆ ತಿಳಿಸಬೇಕಾದವನು ನಾನು. ತಿಳಿಸಲಿಲ್ಲ.” ಹಾಗೆಂದವರೇ ಸ್ವಾಮಿಗಳು ದನದ ಗೊರಸು ತುಳಿದ ಆ ಧೂಳಿನಲ್ಲಿ ಜೋಜಪ್ಪನ ಮುಂದೆ ಮಂಡಿಯೂರಿ, ಕೂಸಿನ ಪಾದಕ್ಕೆ ಹಣೆ ಮುಟ್ಟಿಸಿದರು. ದೇವಾಲಯದ ಬಲಿಪೀಠದ ಮುಂದಲ್ಲದೆ ಬೇರೆಲ್ಲೂ ಗುರುಗಳು ಮಂಡಿಯೂರಿದ್ದನ್ನು ಆ ಜನ ಕಂಡಿರಲಿಲ್ಲ.

ಇನ್ನಾಸಪ್ಪ ಕೆಟ್ಟವನಲ್ಲ. ಕಲಿತದ್ದನ್ನು ಬಿಗಿಯಾಗಿ ಹಿಡಿದುಕೊಂಡವನು, ಅಷ್ಟೇ. ಆಗಲೂ ಅಗುಳಿ ಬಿಡದೆ, “ಆದ್ರೂ ಸ್ನಾನ ಆಗಿಲ್ಲ ಅನ್ನೋದು ಆಗಿಲ್ವಲ್ಲ ಸ್ವಾಮಿ. ಒಳಗೆ ಬಿಟ್ರೆ ನಾಳೆ ಮೇಲಿನೋರು ಕೇಳಲ್ವಾ?” ಎಂದ.

ಸ್ವಾಮಿಗಳು ಎದ್ದು ನಿಂತರು. ಅವರ ದನಿ ಏರಲಿಲ್ಲ, ಆದರೂ ಹಿಂದೆ ನಿಂತಿದ್ದವರಿಗೆಲ್ಲ ಕೇಳಿಸಿತು.

“ತಪ್ಪು ಮಾಡಿದವರು ನಾವು. ಶಿಕ್ಷೆ ಕೂಸಿಗೇ? ನಮ್ಮ ಕೈ ತಡವಾಯಿತೆಂದು ದೇವರ ಕೈಯೂ ತಡವಾಗುತ್ತದೆಯೇ? ಬಾಗಿಲು ತೆಗೆಯಿರಿ.”

ಇನ್ನಾಸಪ್ಪ ತೆಗೆದ.

ದೊಡ್ಡ ಶಿಲುಬೆಯ ಬುಡದಲ್ಲಿ ಗುರುಗಳಿಗೆಂದೇ ಮೀಸಲಿಟ್ಟ ಜಾಗವಿತ್ತು. ಅಲ್ಲಿ ಗುಂಡಿ ತೋಡಲು ಯಾರೂ ಮುಂದೆ ಬಾರದಿದ್ದಾಗ ಸ್ವಾಮಿಗಳೇ ಗುದ್ದಲಿ ಹಿಡಿದರು. ಆಮೇಲೆ ಜೋಜಪ್ಪ ಅದನ್ನು ಅವರ ಕೈಯಿಂದ ಇಸಿದುಕೊಂಡ. ಒದ್ದೆ ನಿಲುವಂಗಿಯ ಮೇಲೆಯೇ ಅವರು ಬಿಳಿಯ ಪೂಜಾವಸ್ತ್ರ ಧರಿಸಿದರು. ಯಾರೋ ಒಬ್ಬಾಕೆ ತನ್ನ ಮುಡಿಯ ಹೂವನ್ನು ಬಿಚ್ಚಿ ಸವೇರಮ್ಮನ ಕೈಗಿತ್ತಳು.

“ಹೆಸರೇನು?” ಎಂದು ಕೇಳಿದರು ಸ್ವಾಮಿಗಳು.

“ಸ್ನಾನ ಆಗ್ದೆ ಹೆಸರಿಡಂಗಿಲ್ವಲ್ಲ,” ಎಂದಳು ಸವೇರಮ್ಮ, ಇನ್ನೂ ಹರಿತವಾಗಿಯೇ.

“ಎತ್ತಿ ಆಡಿಸುವಾಗ ಏನೆಂದು ಕರೆದಿರಿ, ತಾಯಿ?”

ಸವೇರಮ್ಮ ಕೂಸಿನ ಮುಖದ ಮೇಲಿನ ಸೀರೆಯ ತುಂಡನ್ನು ಸರಿಸಿದಳು. “ಕ್ಲಾರಮ್ಮ.”

ಸ್ವಾಮಿಗಳು ಸಕಲ ಸಂತರ ಮನವಿಮಾಲೆಯನ್ನು ಆರಂಭಿಸಿದರು. ಅವರು ಒಬ್ಬೊಬ್ಬ ಸಂತರ ಹೆಸರು ಹೇಳಿದಂತೆ ಜನ ‘ನಮಗಾಗಿ ಪ್ರಾರ್ಥಿಸಿರಿ’ ಎಂದು ಓಗೊಡುತ್ತಿದ್ದರು. ದೇವಮಾತೆ ಮರಿಯಮ್ಮನವರು ಬಂದರು, ಜೋಸೆಫರು ಬಂದರು, ಏಸುವಿನ ಶಿಷ್ಯರಾದ ಪ್ರೇಷಿತರೆಲ್ಲ ಬಂದರು. ಶಿಶು ಏಸುವನ್ನು ಕೊಲ್ಲಹೊರಟ ಅರಸ ಹೆರೋದನ ಕತ್ತಿಗೆ ಸಿಕ್ಕ ಬೆತ್ಲೆಹೇಮಿನ ಹಸುಗೂಸುಗಳು ಬಂದರು. ಅವರಿಗೆ ಯಾರು ಜ್ಞಾನಸ್ನಾನ ಕೊಟ್ಟಿದ್ದರು? ಆದರೂ ಧರ್ಮಸಭೆ ಅವರಿಗೆ ಕೈಮುಗಿಯುತ್ತದೆ. ಅದರ ಬೆನ್ನಿಗೇ, ಅದೇ ರಾಗದಲ್ಲಿ, ಸ್ವಾಮಿಗಳು ಹೇಳಿದರು:

“ಕಲ್ಲುಹಳ್ಳಿಯ ಕ್ಲಾರಮ್ಮನವರೇ.”

ಜನ ಸುಮ್ಮನಾದರು. ಇನ್ನಾಸಪ್ಪ ತಲೆ ತಗ್ಗಿಸಿದ. ಸ್ವಾಮಿಗಳು ಕಣ್ಣು ಮುಚ್ಚಿ ಕಾಯುತ್ತಿದ್ದರು. ಆಗ ಸವೇರಮ್ಮ, ಬೆಳಗ್ಗಿನಿಂದ ಬೈಗುಳವನ್ನಲ್ಲದೆ ಬೇರೇನನ್ನೂ ಆಡದ ಆ ಒಡಕು ಗಂಟಲಿನಲ್ಲಿ, ಒಬ್ಬಳೇ ಓಗೊಟ್ಟಳು: “ನಮಗಾಗಿ ಪ್ರಾರ್ಥಿಸಿರಿ.” ಜೋಜಪ್ಪನ ದನಿ ಸೇರಿತು. ಆಮೇಲೆ ಊರಿನದು. ಕೊನೆಗೆ ಇನ್ನಾಸಪ್ಪನೂ ತುಟಿ ತೆರೆದ.

ಇಳಿಹೊತ್ತಿಗೆ ಅವಳು ಮನೆ ಸೇರಿದಾಗ ಜ್ಞಾನಮ್ಮ ಗೋಡೆಗೊರಗಿ ಬಾಗಿಲನ್ನೇ ನೋಡುತ್ತಿದ್ದಳು.

“ಕೂಸೆಲ್ಲವ್ವಾ?”

ಸವೇರಮ್ಮ ಮಗಳ ತಲೆಯನ್ನು ಎದೆಗೊತ್ತಿಕೊಂಡಳು. “ಸಂತರನ್ನೆಲ್ಲ ಕರೆಯೋವಾಗ ಅವಳ ಹೆಸರನ್ನೂ ಕರೆದ್ರು ಕಣವ್ವ. ನಾನೇ ಮೊದ್ಲು ಓಗೊಟ್ಟೆ.”